ಕೀಳದೆ ಬಿಟ್ಟ ಹತ್ತಡಿ ಕಳೆ

ಬೆಳಿಗ್ಗೆ ಆರೂಕಾಲು. ಮಲ್ಲತ್ತಹಳ್ಳಿ ಕೆರೆಯ ಏರಿ ಮೇಲೆ ವಾಕಿಂಗ್‌ನವರು ಕೈ ಬೀಸಿಕೊಂಡು ಹೋಗುತ್ತಿದ್ದರೆ, ಲಕ್ಷ್ಮಿದೇವಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಕಳೆ ಎಳೆಯುತ್ತಿದ್ದಾರೆ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ, ಕೈಯಲ್ಲಿ ಕುಡುಗೋಲು. ಒಂದು ಮೂಲೆಗೆ ಬಂದಾಗ ಮಾತ್ರ ಕೈ ತಾನಾಗಿ ನಿಲ್ಲುತ್ತದೆ. ಅಲ್ಲಿನ ಹತ್ತಡಿ ಜೊಂಡನ್ನೂ ತೇಲುವ ಎಲೆಗಳನ್ನೂ ಅವರು ಮುಟ್ಟುವುದಿಲ್ಲ.

ಅಲ್ಲಿ ಸೂಜಿ ಚಿಟ್ಟೆಗಳ ಸಂಸಾರವಿದೆ. ನಾವೆಲ್ಲ ಚಿಕ್ಕವರಿದ್ದಾಗ ಬಾಲಕ್ಕೆ ದಾರ ಕಟ್ಟಿ ಗೋಳು ಹೊಯ್ದುಕೊಂಡ ಏರೋಪ್ಲೇನ್ ಚಿಟ್ಟೆಯ ಬಡಕಲು ತಂಗಿ ಇದು. ಅದು ರೆಕ್ಕೆ ಚಾಚಿ ಕೂತರೆ ಇದು ಬೆನ್ನ ಮೇಲೆ ಮಡಿಚಿ ಕೂರುತ್ತದೆ. ಗಂಡು ಅರಿಶಿನ ಬಳಿದಂತೆ ಹಳದಿ, ಹೆಣ್ಣಿನದು ಮಾಸಲು ಬಣ್ಣ.

ಐವತ್ತೆಂಟರ ಲಕ್ಷ್ಮಿದೇವಮ್ಮ ಹೇರೋಹಳ್ಳಿಯವರು. ಊರಿನ ಹೊಲಗಳೆಲ್ಲ ಸೈಟುಗಳಾದ ಮೇಲೆ ಕಳೆ ಕೀಳಲು ಅವರಿಗೆ ಉಳಿದದ್ದು ಕೆರೆಯೊಂದೇ. ಒಂಬತ್ತು ವರ್ಷಗಳಿಂದ ದಿನಕ್ಕೆ ಐವತ್ತು ಅರವತ್ತು ಬುಟ್ಟಿ ಕಳೆ ದಡಕ್ಕೆ ಹಾಕುತ್ತಿದ್ದಾರೆ. ಮೈ ತುರಿಕೆ, ಕಾಲಿಗೆ ಚುಚ್ಚುವ ಬಾಟಲಿ ಗಾಜು ಎಲ್ಲ ಮಾಮೂಲು.

ಮೊದಮೊದಲು ಅವರೂ ತಪ್ಪಿದ್ದರು. ಜೊಂಡಿಗೆ ಅಂಟಿದ ಒಣ ಪೊರೆಗಳನ್ನು ಕಂಡು, ಗಿಡಕ್ಕೆ ರೋಗ ತಗುಲಿ ಹುಳ ಸತ್ತಿವೆ ಎಂದುಕೊಂಡು ಅವನ್ನೇ ಆರಿಸಿ ಕಿತ್ತು ಸುಡುತ್ತಿದ್ದರು. ಹೊಲದಲ್ಲಿ ಪಳಗಿದ ಕೈ, ರೋಗದ ಗಿಡವನ್ನು ಬಿಟ್ಟೀತೇ? ವಾಕಿಂಗ್‌ಗೆ ಬರುವ ಪ್ರಾಣಿಶಾಸ್ತ್ರದ ಮೇಡಂ ಸೌಮ್ಯಶ್ರೀ ಒಂದು ದಿನ ತಡೆದು, ಅವು ಹೆಣಗಳಲ್ಲ, ಸೂಜಿ ಚಿಟ್ಟೆ ಮರಿಗಳು ಕಳಚಿಟ್ಟ ಅಂಗಿಗಳು ಎಂದರು. ಹೆಣ್ಣು ಚಿಟ್ಟೆ ಎಲೆ, ದಂಟು ಸೀಳಿ ಒಳಗೆ ಮೊಟ್ಟೆ ಇಡುತ್ತದೆ. ಮರಿ ಬಾಲದ ಮೂರು ಎಸಳುಗಳಿಂದ ಉಸಿರಾಡುತ್ತಾ, ಸೊಳ್ಳೆಮರಿ ತಿನ್ನುತ್ತಾ ತಿಂಗಳುಗಟ್ಟಲೆ ನೀರಿನಲ್ಲೇ ಬೆಳೆಯುತ್ತದೆ. ಕೊನೆಗೆ ದಂಟು ಹತ್ತಿ, ಬೆನ್ನು ಬಿರಿದು ಹೊರಬಂದು, ರೆಕ್ಕೆ ಒಣಗಿಸಿಕೊಂಡು ಹಾರುತ್ತದೆ. ಹಾರಿದ ಮೇಲೆ ಆಯಸ್ಸು ಕೆಲವೇ ವಾರ.

"ಅಯ್ಯೋ, ಬಾಣಂತಿ ಮನೇನೇ ಸುಟ್ಬಿಟ್ನಲ್ಲ ಅನ್ನಿಸ್ತು ಸಾರ್. ಎರಡು ದಿನ ಅನ್ನ ಸೇರ್ಲಿಲ್ಲ," ಎನ್ನುತ್ತಾರೆ. ಅಂದಿನಿಂದ ಆ ಹತ್ತಡಿಗೆ ಕೈ ಹಾಕಿಲ್ಲ. ಬೇರೆಡೆ ಕಿತ್ತ ಕಳೆಯನ್ನೂ ಒಂದು ದಿನ ನೀರಂಚಿನಲ್ಲೇ ರಾಶಿ ಹಾಕಿ ಬಿಡುತ್ತಾರೆ. ಸಿಕ್ಕಿಕೊಂಡ ಮರಿಗಳು ತೆವಳಿಕೊಂಡು ನೀರಿಗೆ ಇಳಿಯಲಿ ಎಂದು.

ಈಗ ಆ ಹತ್ತಡಿಗೇ ಕುತ್ತು ಬಂದಿದೆ. ಯಾರೋ ಅದರ ಫೋಟೊ ತೆಗೆದು 'ಕ್ಲೀನ್ ಮಾಡಿಲ್ಲ' ಎಂದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ. ಸೋಮವಾರ ಪಾಲಿಕೆಯ ಸಾಹೇಬರು ಕೆರೆ ನೋಡಲು ಬರುತ್ತಾರೆ. ಸೂಪರ್‌ವೈಸರ್ ಗಿರಿರಾಜ್ ಬೈಕ್ ನಿಲ್ಲಿಸಿದವರೇ ಗದರುತ್ತಾರೆ: "ಏನಮ್ಮಾ, ಇಡೀ ಕೆರೆ ಮಾಡಿ ಇಷ್ಟಕ್ಕೆ ಸೋಮಾರಿತನ ಯಾಕೆ? ಇವತ್ತೇ ಕಿತ್ತಾಕಿ."

"ಒಂದೈದು ನಿಮಿಷ ಬಗ್ಗಿ ನೋಡಿ ಸಾರ್. ಆಮೇಲೂ ಬೇಡ ಅಂದ್ರೆ ನಾನೇ ಕಿತ್ತಾಕ್ತೀನಿ."

ಗಿರಿರಾಜ್ ಗೊಣಗುತ್ತಲೇ ಪ್ಯಾಂಟು ಮಡಿಚಿ ಬಗ್ಗುತ್ತಾರೆ. ದಂಟಿನ ಮೇಲೊಂದು ಮರಿಯ ಬೆನ್ನು ಬಿರಿಯುತ್ತಿದೆ. ಐದು ನಿಮಿಷ ಇಪ್ಪತ್ತಾಗುತ್ತದೆ. ಲಕ್ಷ್ಮಿದೇವಮ್ಮ ಕುಡುಗೋಲನ್ನು ಎದೆಗೆ ಅವುಚಿಕೊಂಡು ಅವರ ಮುಖವನ್ನೇ ನೋಡುತ್ತಾರೆ.

"ಸರಿ, ಸುತ್ತ ಹಗ್ಗ ಕಟ್ಟಿ," ಎನ್ನುತ್ತಾ ಗಿರಿರಾಜ್ ಸೊಂಟ ಹಿಡಿದುಕೊಂಡು ಏಳುತ್ತಾರೆ. "ಸಾಹೇಬ್ರಿಗೆ ನಾನು ಹೇಳ್ಕೋತೀನಿ. ಒಂದು ಬೋರ್ಡೂ ಹಾಕ್ಸೋಣ. ಏನಂತ ಬರೆಸ್ಲಿ, ನಿಮ್ಮ ಹೆಸರಾ?"

"ನನ್ನ ಹೆಸರು ಯಾಕೆ ಬಿಡಿ ಸಾರ್. ಕಿತ್ತಿಲ್ಲ ಅಂತ ಮಾತ್ರ ಬರೆಸ್ಬೇಡಿ. ಬಿಟ್ಟಿದೀವಿ ಅಂತ ಬರೆಸಿ."