ತಂಬೊಂಗ್ ಅಜ್ಜಿಯ ಬೀಜದ ಬತ್ತ
ಸರವಾಕದ ಹೊಳೆದಂಡೆಯಲ್ಲಿ ಹತ್ತಾರು ಸಂಸಾರಗಳು ಒಂದೇ ಸೂರಿನಡಿ ಬಾಳುವ ಒಂದು ಉದ್ದಮನೆಯಲ್ಲಿ ಬೆಳಗ್ಗೆ ಎಲ್ಲರನ್ನೂ ಎಬ್ಬಿಸುವುದು ಹುಂಜವಲ್ಲ, ತಂಬೊಂಗ್ ಅಜ್ಜಿಯ ಬೈಗುಳ. ಗುಡ್ಡದ ಹೊಲದಲ್ಲಿ ಗಂಡಸರು ಕೋಲಿನಿಂದ ಗುಳಿ ಮಾಡುತ್ತ ಹೋದರೆ, ಹಿಂದೆ ಬತ್ತ ಹಾಕುವ ಹೆಂಗಸರಲ್ಲಿ ಅವಳ ಬಾಯಿಗೆ ಬೀಳದವರಿಲ್ಲ: "ಕೋಳಿಗೆ ಎರಚ್ದಂಗೆ ಎರಚ್ತೀಯಲ್ಲೇ, ನಿಮ್ಮಪ್ಪನ ಮನೆ ಬೀಜಾನಾ?" ಬಯಲಿನವರ ನೀರುಗದ್ದೆಯ ಅಕ್ಕಿ ಅವಳ ಪಾಲಿಗೆ ಕಪ್ಪೆಗಳ ಊಟ. ಗುಡ್ಡ ಸುಟ್ಟು ಬಿತ್ತುವುದು ಬಿಡಿ, ವರ್ಷಕ್ಕೆರಡು ಬೆಳೆಯ ತಳಿ ಕೊಡುತ್ತೇವೆ ಎಂದ ಅಧಿಕಾರಿಗೆ ಅವಳು ಚಾಪೆಯನ್ನೂ ಹಾಸಲಿಲ್ಲ. "ನಿನ್ನ ತಳಿ ಕೈಕೊಟ್ರೆ ಬೀಜಕ್ಕೆ ನಿನ್ನ ಬಾಗ್ಲಿಗೆ ಬರ್ಬೇಕಾ?" ಎಂದಳು. ಅಟ್ಟದ ಮೇಲೆ ಮರದ ತೊಗಟೆಯ ಕಣಜದಲ್ಲಿ, ವರ್ಷವರ್ಷವೂ ಬಿತ್ತಿ ಬೀಜಕ್ಕೆಂದೇ ಉಳಿಸಿಕೊಂಡು ಬಂದ ಮನೆತನದ ಮೂಲಬತ್ತವನ್ನು ಸೊಸೆಯೂ ಮುಟ್ಟುವಂತಿಲ್ಲ. ಅಕ್ಕಿ ತೀರಿದ ಒಂದು ದಿನ ಮೊಮ್ಮಗಳು ಸುಲಾವ್ ಅದರಲ್ಲೇ ಒಂದು ಹಿಡಿ ಕುಟ್ಟಿ ತನ್ನ ಕೂಸಿಗೆ ಗಂಜಿ ಕಾಯಿಸಿದಳು. ಉದ್ದಮನೆಯೆಲ್ಲ ನಡುಗುವಂತೆ ಅರಚುತ್ತ ಬಟ್ಟಲು ಕಿತ್ತುಕೊಂಡ ಅಜ್ಜಿ, ಕೂಸು ಬಾಯಿ ತೆರೆದದ್ದನ್ನು ಕಂಡು ನಿಂತಳು. "ಯುದ್ಧದಲ್ಲಿ ಜಪಾನಿನವ್ರು ಬಂದು ನಮ್ಮನ್ನ ಆಳ್ದ ಕಾಲ್ದಲ್ಲಿ ನನ್ನ ತಮ್ಮ ಈ ಬತ್ತದ ಪಕ್ಕಾನೇ ಹಸ್ಕೊಂಡು ಸತ್ತ. ಅವ್ವ ಒಂದು ಕಾಳೂ ಕೊಡ್ಲಿಲ್ಲ. ಅದನ್ನ ಬಿತ್ತಿದ್ಳು, ಉಳಿದವ್ರು ಬದುಕಿದ್ವಿ," ಎಂದಳು. ಆಮೇಲೆ ತಾನೇ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗಂಜಿ ಕುಡಿಸಿದಳು; ಬಟ್ಟಲು ಬರಿದಾಗುವ ತನಕ, ಸತ್ತ ಅವ್ವನನ್ನು ಬಾಯಿಗೆ ಬಂದಂತೆ ಬೈಯುತ್ತಲೇ ಕುಡಿಸಿದಳು.