ಗ್ರಾಫ್ ಹಾಳೆಯ ಯುದ್ಧವಿಮಾನ

ತಮಿಳುನಾಡಿನ ನೇಕಾರರ ಊರು ನೆಗಮಂನ ಕಲೈಸೆಲ್ವಿಗೆ ಹೆದರಿಕೆ ಹುಟ್ಟುಗುಣ. ಗೊತ್ತಿಲ್ಲದ ನಂಬರಿನ ಫೋನು, ಬಸ್ಸಿನ ನೂಕುನುಗ್ಗಲು, ಬಾಗಿಲಿಗೆ ಬಂದ ಪೋಸ್ಟ್‌ಮ್ಯಾನ್, ಎಲ್ಲಕ್ಕೂ ಎದೆ ಡವಡವ. ಇಂಥವಳು ಯುದ್ಧವಿಮಾನ ಬರೆದಳೆಂದರೆ ಯಾರು ತಾನೇ ನಂಬುತ್ತಾರೆ?

ಸೀರೆಯ ಅಂಚು, ಸೆರಗಿನ ಡಿಸೈನುಗಳನ್ನು ಗ್ರಾಫ್ ಹಾಳೆಯಲ್ಲಿ ಚೌಕ ಚೌಕವಾಗಿ ಬರೆದು ನೇಕಾರರಿಗೆ ಕೊಡುವುದು ಅವಳ ಕಸುಬು. ಆ ಕೈಚಳಕವನ್ನು ಇಂಟರ್ನೆಟ್ಟಿನಲ್ಲಿ ಕಂಡ ಹೊರದೇಶದ ನಾಲ್ವರು ಅವಳಿಗೆ ಇಮೇಲಿನಲ್ಲಿ ಪತ್ರ ಬರೆದರು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸಿ ಕಾದಾಡುವ ಆಟವೊಂದಕ್ಕೆ ಅವರು ಹೊಸದೊಂದು ವಿಮಾನ ಸೇರಿಸುತ್ತಿದ್ದರು. ಹಡಗಿನಿಂದಲೇ ಎದ್ದು, ಬಾಂಬು ಹಾಕಿ, ಹಡಗಿಗೇ ಮರಳುವ ಹಳೇ ಕಾಲದ ದಾಳಿ ವಿಮಾನ. ಪೈಲಟ್ ಮುಂದಿನ ಮೀಟರು, ಗುಂಡಿಗಳನ್ನು ಬರೆಯುವ ಕೆಲಸ ಅವಳ ಪಾಲಿಗೆ ಬಂತು. ಎಂಟು ತಿಂಗಳು ಬರೆದಳು. ಆ ಕೆಲಸಕ್ಕೆ ಕೂತಾಗ ಮಾತ್ರ ಅವಳಿಗೆ ಭಯ ಇರುತ್ತಿರಲಿಲ್ಲ.

ಎಡವಟ್ಟಾದದ್ದು ಅಭ್ಯಾಸಬಲದಿಂದ. ಯಾವ ಹಾಳೆಯಾದರೂ ಮೂಲೆಯಲ್ಲಿ ನೇಯುವವರ ಹೆಸರು ಬರೆಯುವುದು ಅವಳ ಮನೆಯ ಪದ್ಧತಿ. ಇಪ್ಪತ್ತು ವರ್ಷದಿಂದ ಹೆಚ್ಚಿನ ಹಾಳೆಗಳು ಹೋಗುತ್ತಿದ್ದದ್ದು ಎದುರು ಮನೆಯ ಮುರುಗೇಶನ್ ಮಗ್ಗಕ್ಕೆ. ವಿಮಾನದ ಹಾಳೆಯ ಮೂಲೆಗೂ ಕೈ ತಾನಾಗಿ ‘ಮುರುಗೇಶನ್, ನೆಗಮಂ’ ಎಂದು ಬರೆದುಬಿಟ್ಟಿತ್ತು. ತಾನು ಹೋಗಲು ಹೆದರಿ, ಸ್ಕ್ಯಾನ್ ಮಾಡಿಸಲು ಅದನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕೊಯಮತ್ತೂರಿನ ಅಂಗಡಿಗೆ ಕಳಿಸಿದಳು. ಸೂಲೂರಿನ ವಾಯುಪಡೆ ನೆಲೆ ಅಲ್ಲಿಂದ ದೂರವೇನಿಲ್ಲ. ಅಂಗಡಿಯವನಿಗೆ ಬೇಹುಗಾರಿಕೆಯ ಅನುಮಾನ ಬಂದು ಹಾಳೆಯನ್ನು ಪೊಲೀಸರಿಗೆ ಮುಟ್ಟಿಸಿದ.

ಮರುದಿನ ಮಧ್ಯಾಹ್ನ ಪೊಲೀಸರು ಎದುರು ಮನೆಯ ಎಪ್ಪತ್ತರ ಮುದುಕನನ್ನು ಜೀಪು ಹತ್ತಿಸುವುದನ್ನು ಕಲೈಸೆಲ್ವಿ ಕಿಟಕಿಯಿಂದ ಕಂಡಳು. ಪೊಲೀಸರಲ್ಲೊಬ್ಬನ ಕೈಯಲ್ಲಿ ತನ್ನ ಹಾಳೆ. ಮೊದಲು ಬಾಗಿಲು ಹಾಕಿ, ಕಂಪ್ಯೂಟರಿನಲ್ಲಿದ್ದ ಆಟ, ಚಿತ್ರ, ಆ ನಾಲ್ವರ ಪತ್ರ, ಎಲ್ಲವನ್ನೂ ಅಳಿಸಿಹಾಕಿದಳು. ಆಮೇಲೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಚಪ್ಪಲಿ ಮೆಟ್ಟಿ ಠಾಣೆಗೆ ಹೊರಟಳು.

ಅಲ್ಲಿ ಮುರುಗೇಶನ್ ಆಗಲೇ ಒಪ್ಪಿಕೊಂಡು ಕೂತಿದ್ದರು. “ಅದು ನಂದೇ” ಎಂದು ಮೂರು ಸಲ ಹೇಳಿದ್ದರಂತೆ.

“ಯಾಕ್ ಮಾಮ ಹಂಗಂದ್ರಿ?”

“ನೋಡ್ತಿದ್ದಂಗೆ ನಿನ್ ಕೈ ಅಂತ ಗೊತ್ತಾಯ್ತು ಕಣಮ್ಮ. ನೀ ಭಯಪಡೋಳು. ಮನೆಗ್ ಹೋಗು.”

ಅವಳು ಹೋಗಲಿಲ್ಲ. ತೊದಲುತ್ತ ಇನ್ಸ್‌ಪೆಕ್ಟರಿಗೆ ಎಲ್ಲವನ್ನೂ ಹೇಳಿದಳು.

“ಆಟ ಅಂದರೆ ಸರಿ. ಕಂಪ್ಯೂಟರಿನಲ್ಲಿ ತೋರಿಸಿಬಿಡಮ್ಮ, ಇಬ್ಬರೂ ಮನೆಗೆ ಹೋಗಿ,” ಎಂದರು ಇನ್ಸ್‌ಪೆಕ್ಟರ್.

ತೋರಿಸಲು ಏನೂ ಉಳಿದಿರಲಿಲ್ಲ. ಹೆದರಿ ಅಳಿಸಿದೆ ಎಂದರೆ ಇವರು ನಂಬುತ್ತಾರೆಯೇ? ಸುಮ್ಮನಿದ್ದರೆ ಮುದುಕ ಒಳಗೆ.

ಅವಳು ಒಂದು ಪೆನ್ಸಿಲ್ ಕೇಳಿದಳು. ಖಾಲಿ ಹಾಳೆಯ ಮೇಲೆ ಎತ್ತರದ ಮೀಟರು, ಇಂಧನದ ಮುಳ್ಳು, ಇಳಿಯುವಾಗ ಹಡಗಿನ ಹಗ್ಗಕ್ಕೆ ಸಿಕ್ಕಿಸುವ ಕೊಕ್ಕೆಯ ಹಿಡಿ, ಒಂದೊಂದನ್ನೂ ನೆನಪಿನಿಂದ ಬರೆದಳು. ಇನ್ಸ್‌ಪೆಕ್ಟರ್ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಗೆರೆಗೆ ಗೆರೆ ಹೋಲಿಸಿದರು. ಎರಡೂ ಒಂದೇ ಕೈಯವು.

“ಹಿರಿಯರೇ, ನೀವು ಹೋಗಬಹುದು,” ಎಂದವರು ಅವಳ ಎದುರಿಗೆ ಕುರ್ಚಿ ಎಳೆದುಕೊಂಡರು. “ಈಗ ಹೇಳಮ್ಮ, ಇದನ್ನೆಲ್ಲ ಯಾರಿಗೆ ಕಳಿಸುತ್ತಿದ್ದೆ?”

ಮುರುಗೇಶನ್ ಬಾಗಿಲವರೆಗೆ ಹೋದರು. ಅಲ್ಲೇ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟರು.