ತವರದ ಅಳು

ಒಣಗಿದ ಹುರುಳಿಕಾಯಿಯನ್ನು ಕಿವಿಯ ಪಕ್ಕ ಹಿಸುಕಿದಂಥ ಒಂದು ಚಿಟಚಿಟ ಸದ್ದು ಇವತ್ತು ಬೆಳಿಗ್ಗೆಯಿಂದ ನನ್ನ ಬಲಗಿವಿಯಲ್ಲಿ ಕುಳಿತಿದೆ. ಕಾರಣ ತೀರಾ ಕ್ಷುಲ್ಲಕ. ನನ್ನ ಬಳಿ ಉಳಿದಿರುವ ಒಂದೇ ಹಿತ್ತಾಳೆ ಪಾತ್ರೆಯ ತಳದಲ್ಲಿ ಕಲಾಯಿ ಸವೆದು ಕಾಸಗಲ ಹಳದಿ ಇಣುಕಿದೆ. ಇನ್ನು ಅದರಲ್ಲಿ ಹುಣಸೆಹುಳಿ ಕುದಿಸಿದರೆ ಹಸಿರು ಕಿಲುಬೆದ್ದು ಸಾರೆಲ್ಲ ಕಹಿ. ಒಬ್ಬಳ ಸಾರಿಗೆ ಸ್ಟೀಲ್ ಪಾತ್ರೆ ಸಾಲದೇ ಎನ್ನುತ್ತೀರಿ. ಸಾಲುತ್ತದೆ. ಆದರೆ ಕಲೆಯೇ ಆಗದ ಸ್ಟೇನ್‌ಲೆಸ್ ಸ್ಟೀಲಿನೊಂದಿಗೆ ನನಗೆ ಸಲಿಗೆ ಬೆಳೆಯಲೇ ಇಲ್ಲ.

ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಪಾಂಡವಪುರಕ್ಕೆ ಸೊಸೆಯಾಗಿ ಬಂದು, ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಕಲಿಸಿ ರಿಟೈರಾದವಳು ನಾನು. ಲೋಹಗಳ ರಿಯಾಕ್ಟಿವಿಟಿ ಸೀರೀಸನ್ನು, ಎಂದರೆ ಬೇರೆಯದರೊಂದಿಗೆ ಬೆರೆಯುವ ಆತುರದ ಮೆಟ್ಟಿಲುಸಾಲನ್ನು, ಮಗ್ಗಿಯಂತೆ ಒಪ್ಪಿಸಬಲ್ಲೆ. ಮೇಲಿನ ಮೆಟ್ಟಿಲಿನ ಪೊಟ್ಯಾಸಿಯಂ ನೀರು ಸೋಕಿದರೂ ಹೊತ್ತಿಕೊಳ್ಳುವ ಮುಂಗೋಪಿ. ಅಂಥದ್ದನ್ನು ಅದರ ಜೊತೆಗಾರರಿಂದ ಬಿಡಿಸಲು ಕರೆಂಟೇ ಹರಿಸಬೇಕು. ನಡುವಿನ ಕಬ್ಬಿಣ, ತವರಗಳು ಇದ್ದಿಲ ಬೆಂಕಿಗೆ ಮಣಿದು ಆಕ್ಸಿಜನ್ನನ್ನು ಬಿಟ್ಟುಕೊಡುವ ಸಂಸಾರಸ್ಥರು. ಕಟ್ಟಕಡೆಯ ಚಿನ್ನ ಯಾರೊಂದಿಗೂ ಬೆರೆಯದೆ ಮಣ್ಣಿನಲ್ಲಿ ಒಂಟಿಯಾಗಿ ಬಿದ್ದಿರುತ್ತದೆ. ಅದಕ್ಕೆ ನೋಬಲ್ ಮೆಟಲ್ ಎಂಬ ಬಿರುದು. ಆ ಬಿರುದು ಕೊಟ್ಟವರು ಸಂಜೆಯ ಕಾಫಿಯನ್ನು ವರ್ಷಗಟ್ಟಲೆ ಒಬ್ಬರೇ ಕುಡಿದವರಿರಲಾರರು ಎಂದು ಈಗೀಗ ಅನ್ನಿಸುತ್ತದೆ.

ನಾನು ಹೊಸ ಸೊಸೆ, ಹೊಸ ಟೀಚರ್ ಆಗಿದ್ದಾಗ, ಯುಗಾದಿಗೆ ಮುಂಚೆ ಶ್ರೀರಂಗಪಟ್ಟಣದಿಂದ ಕಲಾಯಿ ಮೆಹಬೂಬ್ ಸಾಬರು ನಮ್ಮ ಬೀದಿಗೆ ಬರುತ್ತಿದ್ದರು. ಬೇವಿನ ಮರದಡಿ ಗುಂಡಿ ತೋಡಿ, ತಿದಿ ಹೂಡಿ, ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿ, ಬಿಳಿ ಹೊಗೆಯೇಳುತ್ತಿದ್ದಂತೆ ತವರದ ಕಡ್ಡಿಯನ್ನು ಸೋಕಿಸಿ, ಹತ್ತಿಯುಂಡೆಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆಯೊಳಗೆ ಬೆಳದಿಂಗಳು. ಬೀದಿಯ ಹೆಂಗಸರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ನನಗೆ ಮಾತ್ರ ನೋಡಿದ್ದು ಸಾಲಲಿಲ್ಲ. ನಮ್ಮ ಪಾತ್ರೆಯೊಳಗೆ ಬೆರಳಾಡಿಸಿದೆ, ಬೆರಳು ಕಪ್ಪಾಯಿತು. ಮಸಿ ಬಿಡುವುದು ಸೀಸ, ಸೀಸವೆಂದರೆ ಲೆಡ್ ಪಾಯ್ಸನಿಂಗ್ ಎಂದು ಹೊಸ ಡಿಗ್ರಿ ನನ್ನೊಳಗಿಂದ ಕೂಗಿತು. ತವರಕ್ಕೆ ಸೀಸ ಬೆರೆಸಿದ್ದಾನೆಂದು ಎಲ್ಲರೆದುರೇ ಹೇಳಿಬಿಟ್ಟೆ, ಏಕವಚನದಲ್ಲಿ.

ಸಾಬರು ಜಗಳವಾಡಲಿಲ್ಲ. ಕಡ್ಡಿಯೊಂದನ್ನು ನನ್ನ ಕಿವಿಯ ಹತ್ತಿರ ತಂದು, "ಒಸಿ ಕೇಳ್ರಮ್ಮ. ಬಗ್ಗಿಸಿದ್ರೆ ತವರ ಅಳ್ತದೆ. ಸೀಸ ಸೇರುದ್ರೆ ಅಳಕಿಲ್ಲ, ಸುಮ್ಕಿರ್ತದೆ" ಎಂದರು. ಬಗ್ಗಿಸಿದಾಗ ಚಿಟಚಿಟ ಎಂದಿತು. ಲೋಹ ಅಳುವುದುಂಟೇ! ಇಂಥ ಮೂಢನಂಬಿಕೆಗಳನ್ನು ತೊಲಗಿಸಲೆಂದೇ ಓದಿದವಳು ನಾನು, ಮುಖ ತಿರುಗಿಸಿದೆ. ಎದುರುಮನೆಯ ಚಿಕ್ಕತಾಯಮ್ಮ ಮಗಳಿಗೆ, "ಟೀಚರಮ್ನೋರು ಸುಮ್ಸುಮ್ನೆ ಯೋಳಾರಾ, ಎತ್ಕಬುಡು ನಮ್ ಕೊಳಗವ" ಎಂದಳು. ಕೊಳಗಗಳೆಲ್ಲ ಒಂದೊಂದಾಗಿ ಮನೆಗೆ ನಡೆದವು. ಸಾಬರು ಗುಂಡಿಗೆ ಮಣ್ಣು ಮುಚ್ಚಿ, ಊರಾಚೆಯ ರೈಲ್ವೆ ಸ್ಟೇಷನ್ನಿನ ಕಡೆ ನಡೆದರು. ಮತ್ತೆ ನಮ್ಮ ಬೀದಿಗೆ ಬರಲಿಲ್ಲ.

ಆ ಬೇಸಿಗೆಯಲ್ಲೇ ನೋಟ್ಸ್ ಬರೆಯಲು ನನ್ನ ಕಾಲೇಜಿನ ಟೆಕ್ಸ್ಟ್‌ಬುಕ್ ತೆರೆದೆ. ತವರದ ಪಾಠದಲ್ಲಿ ನಾನೇ ಕೆಂಪು ಪೆನ್ಸಿಲಿನಲ್ಲಿ ಗೆರೆಯೆಳೆದ ಸಾಲು: ತವರವನ್ನು ಬಗ್ಗಿಸಿದಾಗ ಹರಳುಗಳು ಸರಿದು ಸದ್ದಾಗುತ್ತದೆ, ಅದಕ್ಕೆ 'ಟಿನ್ ಕ್ರೈ' ಎಂದು ಹೆಸರು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ಗಿಟ್ಟಿಸಿದ್ದೆ. ಇಂಗ್ಲಿಷಿನಲ್ಲಿ ಅತ್ತಿದ್ದರೆ ಗುರುತು ಹಿಡಿಯುತ್ತಿದ್ದೆನೇನೋ. ಸಾಬರ ಕಡ್ಡಿ ಅತ್ತಿತ್ತು; ಅಂದಮೇಲೆ ಬೆರಳಿಗೆ ಹತ್ತಿದ ಕಪ್ಪು ಬರೀ ಇದ್ದಿಲ ಮಸಿ.

ಬೀದಿಯವರಿಗೆ ನಿಜ ಹೇಳಿದೆ. ಆ ಹೊತ್ತಿಗೆ ಅವರು ಸ್ಟೀಲ್ ಕೊಂಡಾಗಿತ್ತು. ಶ್ರೀರಂಗಪಟ್ಟಣಕ್ಕೆ ಹೋದಾಗಲೆಲ್ಲ ಸಾಬರ ಮನೆ ವಿಚಾರಿಸಬೇಕೆಂದುಕೊಂಡು, ಏನೆಂದು ಮಾತು ತೆಗೆಯುವುದೆಂದು ತಿಳಿಯದೆ, ಬಸ್ಸು ಹತ್ತಿ ವಾಪಸ್ಸು ಬರುತ್ತಿದ್ದೆ. ಹಾಗೇ ಮುದುಕಿಯಾದೆ. ಈ ಕಥೆ ಗೊತ್ತಿದ್ದ ನಮ್ಮೆಜಮಾನರೂ ಹೋದರು.

ಹೋದ ವರ್ಷ ಹೊಣಕೆರೆಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳ ಮದುವೆ. ಹಿಂದಿನ ದಿನವೇ ಹೋಗಿದ್ದೆ. ಹಿತ್ತಿಲಲ್ಲಿ ಅಡುಗೆಯ ಕೊಪ್ಪರಿಗೆಗಳಿಗೆ ಕಲಾಯಿ ನಡೆದಿತ್ತು. ಹೊಗೆಯ ಹಿಂದೆ ಮೆಹಬೂಬ್ ಸಾಬರೇ, ಬಿಳಿಗಡ್ಡ. ಕಿವಿ ಪೂರಾ ಹೋಗಿದೆ, ಕೈಸನ್ನೆ ಮಾಡಿ ಎಂದಳು ವಿದ್ಯಾರ್ಥಿನಿ. ಸಾಬರು ತಲೆಯೆತ್ತಿ, ನನ್ನನ್ನು ಬಹಳ ಹೊತ್ತು ನೋಡಿ, ನಕ್ಕರು. "ಸೀಸದ್ ಟೀಚರಮ್ನೋರಲ್ವಾ?"

ಐವತ್ತು ವರ್ಷ ಕಾಯ್ದಿಟ್ಟ ಕ್ಷಮಾಪಣೆ ಕಿವಿ ಕೇಳದವರ ಮುಂದೆ ಯಾವ ಕೆಲಸಕ್ಕೂ ಬರಲಿಲ್ಲ. ಕೈಮುಗಿದೆ. ಅವರು ಬೇಡವೆಂಬಂತೆ ತಲೆಯಾಡಿಸಿ, ಚೀಲದಿಂದ ನಾಲ್ಕು ಕಡ್ಡಿ ತೆಗೆದು ನನ್ನ ಮುಂದಿಟ್ಟರು.

"ಅಂಗಡಿಯೋರು ಕೊಟ್ಟಿದ್ನ ನಂಬ್ಕಂಡು ಬತ್ತಾ ಇವ್ನಿ. ನಂಗೀಗ ಅಳೋದು ಕೇಳಕಿಲ್ಲ. ನೀವೊಸಿ ಕೇಳಿ ಯೋಳ್ರಮ್ಮ."

ಒಂದೊಂದನ್ನೇ ಕಿವಿಗೆ ಹಿಡಿದು ಬಗ್ಗಿಸಿದೆ. ಮೂರು ಅತ್ತವು. ನಾಲ್ಕನೆಯದು ಅಳಲಿಲ್ಲ. ಮತ್ತೆ ಬಗ್ಗಿಸಿದೆ, ಮೂರನೆಯ ಸಲವೂ ಬಗ್ಗಿಸಿದೆ. ನನ್ನ ಮಾತು ಒಮ್ಮೆ ಮಾಡಿದ ಅನಾಹುತ ನನಗೆ ಗೊತ್ತಿತ್ತು. ಕಡ್ಡಿ ಸುಮ್ಮನಿತ್ತು. ಹೆದರುತ್ತಲೇ, ಇಲ್ಲವೆಂದು ತಲೆಯಾಡಿಸಿದೆ.

ಅವರು ಆ ಕಡ್ಡಿಯನ್ನು ತಿರುಗಿಸಿ ನೋಡಲೂ ಇಲ್ಲ. ಬೇಲಿಯಾಚೆ ಎಸೆದು, ಅತ್ತಿದ್ದ ಕಡ್ಡಿಗಳಲ್ಲೊಂದನ್ನು ಎತ್ತಿಕೊಂಡು ಕೊಪ್ಪರಿಗೆಯೊಳಗೆ ಬಗ್ಗಿದರು. ನವಸಾಗರದ ಬಿಳಿ ಹೊಗೆ ಎದ್ದು, ಮೊದಲು ಗಡ್ಡ, ಆಮೇಲೆ ಕೈ ಮರೆಯಾಯಿತು. ನಾನು ಅವರನ್ನು ಕಂಡದ್ದು ಅದೇ ಕೊನೆ.